ಬೀಗ ಹಾಕಿದ್ದು ಒಬ್ಬರು, ಬೀಗದ ಕೈ ಇನ್ನೊಬ್ಬರ ಹತ್ತಿರ

ಇಂಟರ್‌ನೆಟ್ಟಿನ ಹಾಡು ಹಂಚಿಕೆ, ಅದನ್ನು ತಡೆಯೋಕೆ ಹಾಕಿದ ಬೀಗ, ಈ ವಿಷಯದ ಮೇಲೆ ಯಾರೇ ಮಾತಾಡಲಿ, ಹಾಡು ಹಂಚಿಕೊಳ್ಳೋ ನ್ಯಾಪ್‌ಸ್ಟರ್ ಅನ್ನೋ ಪ್ರೋಗ್ರಾಮಿನಿಂದ ಶುರು ಮಾಡುತ್ತಾರೆ. ನಾನು ಸಿಡಿಯಿಂದ ಶುರು ಮಾಡುತ್ತೇನೆ. ಇಂಟರ್‌ನೆಟ್ಟಲ್ಲಿ ಜನ ಹಾಡು ಹಂಚಿಕೊಳ್ಳೋಕೆ ಶುರು ಮಾಡಿದಾಗ ಮ್ಯೂಸಿಕ್ ಕಂಪನಿಗಳು ಅಷ್ಟೊಂದು ಗಾಬರಿಯಾಗಿದ್ದು ಯಾಕೆ ಅನ್ನೋದು ಅಲ್ಲಿಂದಲೇ ಗೊತ್ತಾಗುತ್ತದೆ.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಅದರೊಳಗೆ ಹಾಡು ಬರೀ ಅಂಕಿಗಳಾಗಿ ಕೂತಿತ್ತು, ನಕಲು ತಡೆಯೋ ಬೀಗ ಗೀಗ ಏನೂ ಇರಲಿಲ್ಲ. ಹಾಕೋದು ಮರೆತರು ಅಂತಲ್ಲ, ಬೇಕು ಅಂತಲೇ ಅನ್ನಿಸಲಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಸಿಡಿಯಲ್ಲಿ ಸುಮಾರು 650 ಎಂಬಿ ಹಿಡಿಸುತ್ತದೆ. 1983ರಲ್ಲಿ ಐಬಿಎಂ ತಂದ ಪಿಸಿ ಎಕ್ಸ್‌ಟಿ ಕಂಪ್ಯೂಟರಿನ ಹಾರ್ಡ್ ಡಿಸ್ಕು 10 ಎಂಬಿ. ಒಂದು ಸಿಡಿಯನ್ನು ನಕಲು ಮಾಡಿ ಇಟ್ಟುಕೊಳ್ಳೋಕೆ ಅಂಥ 65 ಕಂಪ್ಯೂಟರ್ ಬೇಕು! ಯಾರು ಮಾಡುತ್ತಾರೆ? ಹಾಡಿನ ಭಾರವೇ ಬೀಗವಾಗಿತ್ತು.

ಆ ಭಾರ ಇಳಿಸಿದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು. ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಅವರಲ್ಲಿ ಮುಖ್ಯರು. ಜೋರಾದ ಒಂದು ದನಿ ಇದ್ದಾಗ ಅದರ ಪಕ್ಕದ ಸಣ್ಣ ದನಿ ನಮ್ಮ ಕಿವಿಗೆ ಬೀಳೋದಿಲ್ಲ. ಬೀಳದ ಮೇಲೆ ಅದನ್ನು ಇಟ್ಟುಕೊಂಡು ಏನು ಪ್ರಯೋಜನ, ಬಿಸಾಕಿ ಅಂದರು. ಸಿಡಿಯಲ್ಲಿ 40 ಎಂಬಿ ಇದ್ದ ಹಾಡು ಹೀಗೆ 4 ಎಂಬಿಗೆ ಬಂತು. ಆ ಫೈಲಿಗೆ ಎಂಪಿ3 ಅನ್ನೋ ಬಾಲ ಅಂಟಿದ್ದು 1995ರಲ್ಲಿ. ಟೆಲಿಫೋನ್ ತಂತಿಯ ಮೋಡೆಮ್ಮಿನಲ್ಲೂ ಹತ್ತು ಹನ್ನೆರಡು ನಿಮಿಷದಲ್ಲಿ ಇಳಿಯುವಷ್ಟು ಹಗುರ. ಬೀಗ ಯಾರೂ ಒಡೆಯಲಿಲ್ಲ, ತಾನಾಗಿಯೇ ಕರಗಿಹೋಯಿತು.

ಈಗ ನ್ಯಾಪ್‌ಸ್ಟರ್‌ಗೆ ಬರೋಣ. 1999ರ ಜೂನ್. ಶಾನ್ ಫ್ಯಾನಿಂಗ್ ಅನ್ನೋ 18 ವರ್ಷದ ಹುಡುಗ ಕಾಲೇಜು ಬಿಟ್ಟು ಬರೆದ ಪ್ರೋಗ್ರಾಮು. ಒಂದು ವಿಷಯ ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನ್ಯಾಪ್‌ಸ್ಟರ್‌ನ ಸರ್ವರ್‌ನಲ್ಲಿ ಒಂದು ಹಾಡೂ ಇರಲಿಲ್ಲ. ಅಲ್ಲಿದ್ದದ್ದು ಪಟ್ಟಿ ಮಾತ್ರ: ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಅಂತ. ನೀವು ಹುಡುಕಿದರೆ ಪಟ್ಟಿ ದಾರಿ ತೋರಿಸುತ್ತಿತ್ತು, ಹಾಡು ಮಾತ್ರ ನೇರವಾಗಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ದೊಡ್ಡ ಮ್ಯೂಸಿಕ್ ಕಂಪನಿಗಳೆಲ್ಲ ಸೇರಿ ಕೇಸು ಹಾಕಿದವು. ಅವರ ಸಂಘದ ಹೆಸರು ಆರ್‌ಐಎಎ. ಈ ಹೆಸರು ಇನ್ನೂ ಬಹಳ ಸಲ ಬರುತ್ತದೆ, ನೆನಪಿಟ್ಟುಕೊಳ್ಳಿ. 2000ದ ಏಪ್ರಿಲ್‌ನಲ್ಲಿ ಮೆಟಾಲಿಕಾ ಬ್ಯಾಂಡ್ ಕೂಡ ಕೋರ್ಟಿಗೆ ಹೋಯಿತು. ಆ ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್, ತಮ್ಮ ಹಾಡು ಹಂಚಿಕೊಂಡ ಮೂರು ಲಕ್ಷಕ್ಕೂ ಜಾಸ್ತಿ ಬಳಕೆದಾರರ ಪಟ್ಟಿಯನ್ನು ಕಾಗದದಲ್ಲಿ ಪ್ರಿಂಟ್ ಮಾಡಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ನ್ಯಾಪ್‌ಸ್ಟರ್ ಆಫೀಸಿಗೇ ಹೊತ್ತು ತಂದರು. ಜನ ಅವರನ್ನು ಲೇವಡಿ ಮಾಡಿದರು, ದುರಾಸೆಯವನು ಅಂದರು. ಅವರ ಸಿಟ್ಟಿಗೆ ಕಾರಣ ಇತ್ತು ಅಂತ ನನಗನ್ನಿಸುತ್ತದೆ. ಬಿಡುಗಡೆಯೇ ಆಗದ, ಇನ್ನೂ ಕೆಲಸ ನಡೆಯುತ್ತಿದ್ದ ಅವರ ಒಂದು ಹಾಡು ಆಗಲೇ ರೇಡಿಯೋದಲ್ಲಿ ಬರೋಕೆ ಶುರುವಾಗಿತ್ತು. ಅರ್ಧ ಬರೆದ ಕಾಗದವನ್ನು ಯಾರೋ ನಿಮ್ಮ ಮೇಜಿನಿಂದ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಓದಿದರೆ ನಿಮಗೆ ಹೇಗನ್ನಿಸುತ್ತದೆ? ಆದರೆ ಅಭಿಮಾನಿಗಳ ಹೆಸರನ್ನೇ ಪೆಟ್ಟಿಗೆಗೆ ತುಂಬಿ ತಂದ ಆ ಚಿತ್ರ ಬಹಳ ದಿನ ಅಳಿಸಲಿಲ್ಲ.

ಕೋರ್ಟಿನಲ್ಲಿ ಕಂಪನಿಗಳು ಗೆದ್ದವು. ಪಟ್ಟಿ ನಿನ್ನ ಕೈಯಲ್ಲಿದೆ, ಯಾವ ಹಾಡು ಹೋಗುತ್ತಿದೆ ಅಂತ ನಿನಗೆ ಗೊತ್ತಾಗುತ್ತದೆ, ಹಾಗಾಗಿ ಜವಾಬ್ದಾರಿ ನಿನ್ನದೇ ಅಂತ 2001ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಜುಲೈಯಲ್ಲಿ ನ್ಯಾಪ್‌ಸ್ಟರ್ ಬಾಗಿಲು ಹಾಕಿತು.

ಇದನ್ನು ಕೇಳಿಸಿಕೊಂಡವರಲ್ಲಿ ಪ್ರೋಗ್ರಾಮರುಗಳೂ ಇದ್ದರಲ್ಲ. ಪಟ್ಟಿ ಇಟ್ಟುಕೊಂಡಿದ್ದೇ ತಪ್ಪಾದರೆ ಪಟ್ಟಿಯೇ ಇಲ್ಲದ ವ್ಯವಸ್ಥೆ ಮಾಡೋಣ ಅನ್ನೋದು ಅವರ ಲೆಕ್ಕ. ಅಂಥದ್ದೊಂದು ಆಗಲೇ ಹುಟ್ಟಿಬಿಟ್ಟಿತ್ತು, 2000ದ ಮಾರ್ಚ್‌ನಲ್ಲೇ. ನುಟೆಲ್ಲಾ ಅಂತ ಹೆಸರು. ತಮಾಷೆ ಗೊತ್ತಾ, ಅದನ್ನು ಬರೆದವರು ಇಂಟರ್‌ನೆಟ್ ಸೇವೆ ಕೊಡೋ ಎಒಎಲ್ ಕಂಪನಿಯ ಸಂಬಳದವರು! ಆ ಎಒಎಲ್ ಆಗ ಟೈಮ್ ವಾರ್ನರ್ ಜೊತೆ ಸೇರಿಕೊಳ್ಳೋಕೆ ಹೊರಟಿತ್ತು, ಟೈಮ್ ವಾರ್ನರ್ ಅಂದರೆ ವಾರ್ನರ್ ಮ್ಯೂಸಿಕ್ಕಿನ ಮಾಲೀಕರು. ಎಒಎಲ್ ಒಂದೇ ದಿನದಲ್ಲಿ ಅದನ್ನು ತೆಗೆಸಿಹಾಕಿತು. ಅಷ್ಟರಲ್ಲಿ ಊರೆಲ್ಲ ಹರಡಿಯಾಗಿತ್ತು. ಆಮೇಲೆ ಕಜಾ ಬಂತು, ಗ್ರಾಕ್‌ಸ್ಟರ್ ಬಂತು, ಲೈಮ್‌ವೈರ್ ಬಂತು, ಬಿಟ್‌ಟೊರೆಂಟ್ ಬಂತು. ನ್ಯಾಪ್‌ಸ್ಟರ್ ಇದ್ದಾಗ ಎಲ್ಲರೂ ಒಂದೇ ಕಡೆ ಸೇರಿದ್ದರು, ಅದಕ್ಕೊಂದು ವಿಳಾಸ ಇತ್ತು, ಕೂತು ಮಾತಾಡೋಕೆ ಎದುರಿಗೆ ಮನುಷ್ಯರಿದ್ದರು. ಜರ್ಮನಿಯ ಬರ್ಟೆಲ್ಸ್‌ಮನ್ ಕಂಪನಿ ನ್ಯಾಪ್‌ಸ್ಟರ್‌ಗೆ ಸಾಲ ಕೊಟ್ಟು ಅದನ್ನು ಚಂದಾ ಸೇವೆ ಮಾಡೋಣ ಅಂತ ಹೊರಟಿತ್ತು ಕೂಡ. ಮಿಕ್ಕವರು ಕೈ ಜೋಡಿಸಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ದುಬಾರಿ ಬಿದ್ದ ಗೆಲುವು ಇದು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ನೂರು ವರ್ಷ ಹಿಂದಕ್ಕೆ. ತಾನಾಗಿಯೇ ನುಡಿಯುವ ಪಿಯಾನೋ ಅಂತ ಒಂದಿತ್ತು. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಹಾಡು ಬರುತ್ತಿತ್ತು. ಸುರುಳಿ ಮಾರುವವರು ಹಾಡು ಕಟ್ಟಿದವರಿಗೆ ಕಾಸು ಕೊಡುತ್ತಿರಲಿಲ್ಲ. 1906ರಲ್ಲಿ ಜಾನ್ ಫಿಲಿಪ್ ಸೌಸಾ ಅನ್ನೋ ದೊಡ್ಡ ಸಂಗೀತಗಾರ, ಈ ಯಂತ್ರಗಳು ಸಂಗೀತವನ್ನೇ ಹಾಳು ಮಾಡುತ್ತವೆ ಅಂತ ಕೂಗಾಡಿದರು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏನಂದಿತು ಗೊತ್ತಾ? ಸುರುಳಿಯನ್ನು ಮನುಷ್ಯ ಓದೋಕಾಗೋದಿಲ್ಲ, ಹಾಗಾಗಿ ಅದು ನಕಲೇ ಅಲ್ಲ! ಹಾಡು ಕಟ್ಟಿದವರು ಸೋತರು. ಮರುವರ್ಷ ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ತಂದಿತು. ಹಾಡಿನ ಒಡೆಯ ಒಮ್ಮೆ ಒಬ್ಬರಿಗೆ ಅನುಮತಿ ಕೊಟ್ಟ ಮೇಲೆ ಬೇರೆ ಯಾರು ಬೇಕಾದರೂ ಅದರ ಸುರುಳಿ ಮಾಡಬಹುದು, ಆದರೆ ಪ್ರತಿಯೊಂದಕ್ಕೂ 2 ಸೆಂಟ್ ಕೊಡಬೇಕು. ಯಂತ್ರವನ್ನು ನಿಲ್ಲಿಸಲಿಲ್ಲ, ದರ ಕಟ್ಟಿದರು ಅಷ್ಟೇ. ನ್ಯಾಪ್‌ಸ್ಟರ್‌ಗೂ ಹೀಗೇ ಒಂದು ದರ ಕಟ್ಟಿಬಿಡಿ ಅಂತ ಆಗ ಹೇಳಿದವರಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ವಾಪಸ್ ಬರೋಣ.

ಜನ ಯಾಕೆ ನುಗ್ಗಿದರು? ಬಿಟ್ಟಿ ಅಂತ, ಅಷ್ಟೇ ತಾನೇ ಅಂತ ನೀವು ಕೇಳಬಹುದು. ಬಿಟ್ಟಿ ಅನ್ನೋದು ದೊಡ್ಡ ಕಾರಣವೇ, ಇಲ್ಲ ಅನ್ನೋದಿಲ್ಲ. ಆದರೆ ಅಮೆರಿಕದಲ್ಲಿ ತೊಂಬತ್ತರ ದಶಕದ ಕೊನೆಗೆ ಒಂದೇ ಹಾಡಿನ ಸಿಂಗಲ್ಲುಗಳನ್ನು ಕಂಪನಿಗಳು ಹೆಚ್ಚು ಕಡಿಮೆ ನಿಲ್ಲಿಸಿದ್ದವು. ಒಂದು ಹಾಡು ಇಷ್ಟವಾದರೆ ಹನ್ನೆರಡು ಹಾಡಿನ ಆಲ್ಬಂ ಕೊಳ್ಳಬೇಕು. ಅದರ ಬೆಲೆ ಇಳಿಯದ ಹಾಗೆ ಅಂಗಡಿಗಳ ಜೊತೆ ಒಪ್ಪಂದ ಬೇರೆ. ಇದು ನಾನು ಸುಮ್ನೆ ಹೇಳುತ್ತಿರೋ ದೂರಲ್ಲ. ಅಮೆರಿಕದ 40ಕ್ಕೂ ಜಾಸ್ತಿ ರಾಜ್ಯಗಳು ಹಾಕಿದ ಬೆಲೆ ಒಪ್ಪಂದದ ಕೇಸಿನಲ್ಲಿ, 2002ರಲ್ಲಿ ದೊಡ್ಡ ಕಂಪನಿಗಳೂ ಕೆಲವು ಅಂಗಡಿಗಳೂ ತಪ್ಪು ಒಪ್ಪಿಕೊಳ್ಳದೆಯೇ 6.74 ಕೋಟಿ ಡಾಲರ್ ನಗದು, ಜೊತೆಗೆ 7.57 ಕೋಟಿ ಡಾಲರ್ ಬೆಲೆಯ ಸಿಡಿಗಳನ್ನು ಕೊಟ್ಟು ರಾಜಿ ಮಾಡಿಕೊಂಡರು.

ಹಾಗಾದರೆ ಕಾಸು ಕೊಟ್ಟು ಡೌನ್‌ಲೋಡ್ ಮಾಡೋ ಜಾಗವೇ ಇರಲಿಲ್ಲವಾ? 2001ರ ಡಿಸೆಂಬರಿನಲ್ಲಿ ಕಂಪನಿಗಳು ತಾವೇ ಎರಡು ಸೇವೆ ತೆರೆದವು. ಸೋನಿ ಮತ್ತು ಯೂನಿವರ್ಸಲ್ ಸೇರಿ ಪ್ರೆಸ್‌ಪ್ಲೇ. ವಾರ್ನರ್, ಬಿಎಂಜಿ, ಇಎಂಐ ಸೇರಿ ಮ್ಯೂಸಿಕ್‌ನೆಟ್. ಇಲ್ಲಿದ್ದ ಹಾಡು ಅಲ್ಲಿಲ್ಲ, ಅಲ್ಲಿದ್ದದ್ದು ಇಲ್ಲಿಲ್ಲ. ತಿಂಗಳಿಗೆ ಇಷ್ಟೇ ಹಾಡು ಅಂತ ರೇಷನ್ನು. ಮ್ಯೂಸಿಕ್‌ನೆಟ್ಟಿನಲ್ಲಿ ಇಳಿಸಿಕೊಂಡ ಹಾಡನ್ನು ಸಿಡಿಗೆ ಹಾಕಿಕೊಳ್ಳೋ ಹಾಗಿಲ್ಲ, ಜೇಬಿನ ಪ್ಲೇಯರಿಗೂ ಹಾಕೋ ಹಾಗಿಲ್ಲ, ಚಂದಾ ಕಟ್ಟುತ್ತಾ ಹೋಗದಿದ್ದರೆ ತಿಂಗಳು ಕಳೆದ ಮೇಲೆ ಹಾಡು ತಾನಾಗಿಯೇ ಸತ್ತುಹೋಗುತ್ತದೆ. ಪಕ್ಕದಲ್ಲಿ ಕಜಾ ಇದೆ. ಅಲ್ಲಿ ಎಲ್ಲ ಕಂಪನಿಯ ಹಾಡೂ ಸಿಗುತ್ತದೆ, ಎಲ್ಲಿ ಬೇಕಾದರೂ ನುಡಿಸಬಹುದು. ಕದ್ದ ಮಾಲು ಚೆನ್ನಾಗಿತ್ತು, ಕೊಂಡ ಮಾಲು ಕೆಟ್ಟದಾಗಿತ್ತು. ಬೆಲೆಯ ಮಾತು ಆಮೇಲಿನದು.

ಇದಾದ ಮೇಲೆ ಅವರ ಗಮನ ಸಿಡಿಗೆ ಹೋಯಿತು. ಇಪ್ಪತ್ತು ವರ್ಷದ ಹಿಂದೆ ಹಾಕದ ಬೀಗವನ್ನು ಈಗ ಹಾಕೋಣ ಅಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲ ಥರದ ಬೀಗ 2002ರಲ್ಲಿ ಮುರಿದುಬಿತ್ತು. ಸಿಡಿಯ ಹೊರ ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಸಾಕು, ಬೀಗ ಹೋಯಿತು. 2003ರಲ್ಲಿ ಇನ್ನೊಂದು ಬೀಗ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ, ಸಿಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಬೀಗ ಕೆಲಸ ಮಾಡೋದಿಲ್ಲ ಅಂತ ಬರೆದ. ಬೀಗ ಮಾಡಿದ ಕಂಪನಿ ಅವನ ಮೇಲೆ ಕೇಸು ಹಾಕುತ್ತೇವೆ ಅಂತ ಹೆದರಿಸಿತು, ಆಮೇಲೆ ನಗೆಪಾಟಲಾಗಿ ಸುಮ್ಮನಾಯಿತು.

ಮೂರನೆಯದು ಮಾತ್ರ ನಗುವ ವಿಷಯ ಅಲ್ಲ. 2005ರ ಅಕ್ಟೋಬರ್ 31. ಮಾರ್ಕ್ ರುಸಿನೊವಿಚ್ ಅನ್ನೋ ವಿಂಡೋಸ್ ತಜ್ಞ ತನ್ನ ಕಂಪ್ಯೂಟರನ್ನು ಪರೀಕ್ಷೆ ಮಾಡುವಾಗ, ಯಾರೋ ಒಳಗೆ ಬಚ್ಚಿಟ್ಟುಕೊಂಡಿದ್ದು ಕಂಡಿತು. ವೈರಸ್ಸು ಬರೆಯುವವರು ಬಳಸೋ ರೂಟ್‌ಕಿಟ್ ಅನ್ನೋ ತಂತ್ರ. ಎಲ್ಲಿಂದ ಬಂತು ಅಂತ ಹುಡುಕಿದರೆ ಅವರು ದುಡ್ಡು ಕೊಟ್ಟು ಕೊಂಡ ಸೋನಿ ಬಿಎಂಜಿಯ ಸಿಡಿಯಿಂದ! ಹಾಡು ಕೇಳೋಕೆ ಅಂತ ಸಿಡಿ ಹಾಕಿದರೆ ಅದು ಕಂಪ್ಯೂಟರಿನ ಒಳಗೆ ಇಳಿದು ಕೂತು, ಯಾರಿಗೂ ಕಾಣದ ಹಾಗೆ, ನಕಲು ಮಾಡುತ್ತೀರಾ ಅಂತ ಕಾಯುತ್ತಿತ್ತು. ಒಂದು ಗೊತ್ತಾದ ಗುರುತಿನಿಂದ ಹೆಸರು ಶುರುವಾಗೋ ಯಾವ ಫೈಲನ್ನಾದರೂ ಅದು ಮರೆಮಾಡುತ್ತಿತ್ತು. ಇದು ಹೊರಗೆ ಬಂದ ಮೇಲೆ ವೈರಸ್ಸಿನವರಿಗೆ ಹಬ್ಬ. ಅವರೂ ಆ ಗುರುತಿನ ಹೆಸರಿಟ್ಟು ಅದೇ ನೆರಳಲ್ಲಿ ಬಚ್ಚಿಟ್ಟುಕೊಂಡರು. 52 ಆಲ್ಬಂಗಳ ಸಿಡಿಯಲ್ಲಿ ಅದಿತ್ತು. ತೆಗೆಯೋಕೆ ಅಂತ ಕಂಪನಿ ಒಂದು ಪ್ರೋಗ್ರಾಮು ಕೊಟ್ಟಿತು, ಅದು ಇನ್ನೊಂದು ತೂತು ಮಾಡಿತು. ರೂಟ್‌ಕಿಟ್ ಅಂದರೇನು ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ, ಮತ್ತೆ ಅದರ ಚಿಂತೆ ಯಾಕೆ ಅನ್ನೋ ಅರ್ಥದಲ್ಲಿ ಕಂಪನಿಯ ಹಿರಿಯ ಅಧಿಕಾರಿ ರೇಡಿಯೋದಲ್ಲಿ ಮಾತಾಡಿದರು. ಕೆಲವೇ ದಿನದಲ್ಲಿ ಸಿಡಿಗಳನ್ನು ವಾಪಸ್ ಕರೆಸಬೇಕಾಯಿತು, ಕೇಸುಗಳೂ ಬಿದ್ದವು. ಇನ್ನೊಂದು ಮಜಾ ಇದೆ. ತಜ್ಞರು ಆ ಬೀಗವನ್ನು ಬಿಚ್ಚಿ ನೋಡಿದಾಗ ಒಳಗೆ ಬೇರೆಯವರು ಬರೆದ ಕೋಡಿನ ತುಂಡುಗಳು ಸಿಕ್ಕವು, ಅವರ ಲೈಸೆನ್ಸ್ ನಿಯಮ ಪಾಲಿಸದೆ ಸೇರಿಸಿದ್ದು. ಕಾಪಿರೈಟ್ ಕಾಯೋಕೆ ಇಟ್ಟ ಕಾವಲುಗಾರನ ಜೇಬಲ್ಲೇ ಕದ್ದ ಮಾಲು.

ಯೋಚನೆ ಮಾಡಿ, ಈ ರೂಟ್‌ಕಿಟ್ ಯಾರ ಕಂಪ್ಯೂಟರಿಗೆ ಹೋಯಿತು? ಅಂಗಡಿಗೆ ಹೋಗಿ ದುಡ್ಡು ಕೊಟ್ಟವರ ಕಂಪ್ಯೂಟರಿಗೆ. ಅದೇ ಆಲ್ಬಂ ಅನ್ನು ಲೈಮ್‌ವೈರ್‌ನಿಂದ ಇಳಿಸಿಕೊಂಡವನಿಗೆ ಈ ಬೀಗದ ಮುಖವೂ ಗೊತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ.

ಇದೇ ಹೊತ್ತಿನಲ್ಲಿ ಇನ್ನೊಂದು ಕಡೆ ಜನರ ಮೇಲೇ ಕೇಸು ಶುರುವಾಗಿತ್ತು. 2003ರ ಸೆಪ್ಟೆಂಬರ್ 8ರಂದು ಆರ್‌ಐಎಎ ಒಂದೇ ದಿನ 261 ಜನರ ಮೇಲೆ ಕೇಸು ಹಾಕಿತು. ಅದರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿಯಲ್ಲಿದ್ದ 12 ವರ್ಷದ ಹುಡುಗಿಯೂ ಇದ್ದಳು. ಅವಳ ಅಮ್ಮ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಳು. ಆಗಲೇ ತೀರಿಹೋಗಿದ್ದ ಅಜ್ಜಿಯೊಬ್ಬರ ಹೆಸರಿಗೂ ಒಮ್ಮೆ ಕೇಸು ಬಿತ್ತು. ಕೇಸು ಹಾಕೋ ರೀತಿ ಹೀಗಿತ್ತು: ಇಂಟರ್‌ನೆಟ್ ವಿಳಾಸ ಸಿಗುತ್ತದೆ, ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೋ ಅವರ ಮೇಲೆ ಕೇಸು. ಕಂಪ್ಯೂಟರಿನ ಮುಂದೆ ಕೂತಿದ್ದವರು ಯಾರು ಅನ್ನೋದು ಅದರಿಂದ ಗೊತ್ತಾಗೋದಿಲ್ಲವಲ್ಲ. ಐದು ವರ್ಷದಲ್ಲಿ ಇಂಥ ಪ್ರಕರಣ 30,000 ದಾಟಿದವು. ಹೆಚ್ಚಿನವರು ಕೆಲವು ಸಾವಿರ ಡಾಲರ್ ಕೊಟ್ಟು ಕೈ ತೊಳೆದುಕೊಂಡರು. ವಕೀಲರ ಫೀಸು ಅದಕ್ಕಿಂತ ಜಾಸ್ತಿ ಆಗುತ್ತಿತ್ತು.

ಮಿನಿಸೋಟದ ಒಬ್ಬ ತಾಯಿ ಮಾತ್ರ ರಾಜಿಗೆ ಒಪ್ಪಲಿಲ್ಲ, ವಿಚಾರಣೆಗೆ ಹೋದಳು. 24 ಹಾಡುಗಳ ಲೆಕ್ಕ. ಅಮೆರಿಕದ ಕಾನೂನಿನಲ್ಲಿ ಒಂದೊಂದು ಹಾಡಿಗೆ 750 ಡಾಲರಿನಿಂದ 1,50,000 ಡಾಲರ್ ತನಕ ಪರಿಹಾರ ಹಾಕಬಹುದು.  2007ರಲ್ಲಿ ಜ್ಯೂರಿ 2,22,000 ಡಾಲರ್ ಅಂದಿತು. ಮತ್ತೆ ವಿಚಾರಣೆ ಆಯಿತು, 2009ರಲ್ಲಿ 19.2 ಲಕ್ಷ ಡಾಲರ್ ಅಂದಿತು. ಮೂರನೇ ಸಲ 15 ಲಕ್ಷ. ಜಡ್ಜು ಅದನ್ನು 54,000ಕ್ಕೆ ಇಳಿಸಿದರು. 2012ರಲ್ಲಿ ಮೇಲಿನ ಕೋರ್ಟು ಮತ್ತೆ 2,22,000ಕ್ಕೇ ತಂದು ನಿಲ್ಲಿಸಿತು. ಅಂಗಡಿಯಲ್ಲಿ ಕೊಂಡಿದ್ದರೆ 24 ಹಾಡಿಗೆ 24 ಡಾಲರೂ ಆಗುತ್ತಿರಲಿಲ್ಲ. 2008ರ ಕೊನೆಗೆ ಆರ್‌ಐಎಎ ತಾನೇ ಈ ಕೇಸುಗಳ ಸರಣಿ ನಿಲ್ಲಿಸುತ್ತೇವೆ ಅಂದಿತು. ಹಂಚಿಕೆ ನಿಂತಿರಲಿಲ್ಲ. ಹಾವು ಸಾಯಲಿಲ್ಲ, ಕೋಲು ಮುರಿಯಿತು.

ನಕಲಿ ಫೈಲುಗಳ ವಿಷಯ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಹಾಡಿನ ಹೆಸರಿಟ್ಟು ಒಳಗೆ ಬರೀ ಸದ್ದು ತುಂಬಿ ಬಿಡೋದು, ಕೇಳುವವರಿಗೆ ಬೇಸರ ಬರಲಿ ಅಂತ. 2003ರಲ್ಲಿ ಮಡೋನಾ ಹೀಗೆ ಬಿಟ್ಟ ಫೈಲಿನಲ್ಲಿ ಹಾಡಿನ ಬದಲು ಅವರೇ ಬೈಯ್ಯುವ ದನಿ ಇತ್ತು. ಸ್ವಲ್ಪ ದಿನಕ್ಕೆ ಯಾರೋ ಅವರ ವೆಬ್‌ಸೈಟಿಗೇ ನುಗ್ಗಿ ಅಸಲಿ ಹಾಡುಗಳನ್ನು ಅಲ್ಲೇ ಇಟ್ಟು ಹೋದರು.

ಈಗ ನನ್ನ ತಲೆಬರಹದ ಮಾತಿಗೆ ಬಂದೆ. 2003ರ ಏಪ್ರಿಲ್ 28ಕ್ಕೆ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆಯಿತು. ಒಂದು ಹಾಡು 99 ಸೆಂಟ್. ಎರಡು ಲಕ್ಷ ಹಾಡು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಮಾರಾಟವಾದವು. ಕಂಪನಿಗಳು ಸ್ಟೀವ್ ಜಾಬ್ಸ್‌ಗೆ ಒಪ್ಪಿದ್ದಕ್ಕೆ ಒಂದು ಕಾರಣ, ಆಗ ಅಂಗಡಿ ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಇತ್ತು. ಮ್ಯಾಕ್ ಇದ್ದವರು ಬಹಳ ಕಡಿಮೆ. ಹಾಳಾದರೂ ಎಷ್ಟು ಹಾಳಾದೀತು ಅಂತ. ಆರು ತಿಂಗಳಲ್ಲಿ ಅದು ವಿಂಡೋಸಿಗೂ ಬಂತು.

ಬೀಗ ಬೇಕೇ ಬೇಕು ಅಂತ ಹಟ ಹಿಡಿದವರು ಮ್ಯೂಸಿಕ್ ಕಂಪನಿಗಳು. ಆಪಲ್ ಬೀಗ ಮಾಡಿತು, ಫೇರ್‌ಪ್ಲೇ ಅಂತ ಹೆಸರಿಟ್ಟಿತು. ಐಟ್ಯೂನ್ಸಿನಲ್ಲಿ ಕೊಂಡ ಹಾಡು ಜೇಬಲ್ಲಿ ಬೇಕು ಅಂದರೆ ಆಪಲ್‌ನದೇ ಪ್ಲೇಯರ್ ಐಪಾಡ್‌ನಲ್ಲಿ ಮಾತ್ರ. ಐಪಾಡ್ ಕೈಯಲ್ಲಿದ್ದವರು ಬೀಗ ಹಾಕಿದ ಹಾಡು ಕೊಳ್ಳಬೇಕು ಅಂದರೆ ಐಟ್ಯೂನ್ಸಿಗೇ ಬರಬೇಕು. ನೂರು ಹಾಡು ಕೊಂಡವನು ಬೇರೆ ಕಡೆ ಹೋದರೆ ನೂರು ಡಾಲರ್ ನೀರಿಗೆ ಹಾಕಿದ ಹಾಗೆ. ಎರಡು ಮೂರು ವರ್ಷದಲ್ಲಿ ಕಂಪನಿಗಳಿಗೆ ತಾವು ಮಾಡಿಕೊಂಡಿದ್ದೇನು ಅಂತ ಅರ್ಥವಾಯಿತು. ಕಳ್ಳನಿಗೆ ಅಂತ ಹಾಕಿಸಿದ ಬೀಗದಿಂದ ತಮ್ಮ ಗಿರಾಕಿಯೆಲ್ಲ ಒಬ್ಬ ಅಂಗಡಿಯವನ ಕೈಗೆ ಸಿಕ್ಕಿಬಿದ್ದಿದ್ದ. ಹೊಸ ಹಾಡಿಗೆ ಜಾಸ್ತಿ ದರ ಇಡೋಣ ಅಂದರೆ ಜಾಬ್ಸ್ ಒಪ್ಪಲಿಲ್ಲ. 2005ರಲ್ಲಿ ಪ್ಯಾರಿಸ್‌ನಲ್ಲಿ ಅವರನ್ನು ದುರಾಸೆಯವರು ಅಂತ ಬಹಿರಂಗವಾಗಿ ಕರೆದರು ಕೂಡ.

2007ರ ಫೆಬ್ರವರಿಯಲ್ಲಿ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದು, ಬೀಗ ತೆಗೆಯೋಕೆ ನೀವು ಒಪ್ಪಿದರೆ ನಾವು ನಾಳೆಯೇ ಸಿದ್ಧ ಅಂದರು. ಏಪ್ರಿಲ್‌ನಲ್ಲಿ ಇಎಂಐ ಒಪ್ಪಿತು. ಮಿಕ್ಕವರು ಏನು ಮಾಡಿದರು ನೋಡಿ, ಇದು ನನಗೆ ಬಹಳ ಇಷ್ಟವಾದ ಭಾಗ. ಬೀಗವಿಲ್ಲದ ಹಾಡನ್ನು ಮೊದಲು ಅಮೆಜಾನಿಗೆ ಕೊಟ್ಟರು, ಆಪಲ್‌ಗೆ ಪೈಪೋಟಿ ಹುಟ್ಟಲಿ ಅಂತ. ಹತ್ತು ವರ್ಷ ಬೀಗಕ್ಕಾಗಿ ಹೊಡೆದಾಡಿದವರು ಬೀಗ ತೆಗೆಯೋದನ್ನೇ ಆಯುಧ ಮಾಡಿಕೊಂಡರು! ಕೊನೆಗೆ 2009ರ ಜನವರಿಯಲ್ಲಿ ಆಪಲ್ ಜೊತೆ ಒಪ್ಪಂದವಾಯಿತು. ಐಟ್ಯೂನ್ಸಿನ ಹಾಡುಗಳ ಬೀಗ ಹೋಯಿತು, ಅದೇ ಒಪ್ಪಂದದಲ್ಲಿ ಮೂರು ದರ ಬಂತು: 69 ಸೆಂಟ್, 99 ಸೆಂಟ್, 1.29 ಡಾಲರ್. ಬೀಗ ಬಿಟ್ಟುಕೊಟ್ಟು ದರ ಪಡೆದರು.

ಯಾರೋ ಇಲ್ಲಿ ಚೀಟಿ ಕಳಿಸಿದ್ದಾರೆ, ಕಂಪನಿಗಳನ್ನು ಬೈಯ್ಯುತ್ತಿದ್ದೀರಿ, ಅವರಿಗೆ ನಷ್ಟ ಆಗಿದ್ದು ಸುಳ್ಳಾ ಅಂತ. ಸುಳ್ಳಲ್ಲ. ಅಮೆರಿಕದಲ್ಲಿ ಧ್ವನಿಮುದ್ರಿತ ಸಂಗೀತದ ವಹಿವಾಟು 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇತ್ತು, 2014ರ ಹೊತ್ತಿಗೆ ಅದರ ಅರ್ಧಕ್ಕಿಂತ ಕಡಿಮೆ. ಟವರ್ ರೆಕಾರ್ಡ್ಸ್‌ನಂಥ ದೊಡ್ಡ ಅಂಗಡಿ ಸಾಲು 2006ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಸ್ಟುಡಿಯೋದವರು, ಪಕ್ಕವಾದ್ಯದವರು, ಸಣ್ಣ ಕಂಪನಿಯವರು ಕೆಲಸ ಕಳೆದುಕೊಂಡರು, ಅವರ್ಯಾರೂ ಬೆಲೆ ಒಪ್ಪಂದ ಮಾಡಿದವರಲ್ಲ. ಇದರಲ್ಲಿ ಎಷ್ಟು ಪಾಲು ಬಿಟ್ಟಿ ಹಂಚಿಕೆಯಿಂದ ಅನ್ನೋದಕ್ಕೆ ಅರ್ಥಶಾಸ್ತ್ರದವರು ಇನ್ನೂ ಕಿತ್ತಾಡುತ್ತಾರೆ. 2007ರ ಒಂದು ಅಧ್ಯಯನ ಪರಿಣಾಮ ಹೆಚ್ಚು ಕಡಿಮೆ ಸೊನ್ನೆ ಅಂದಿತು, ಬೇರೆಯವರು ಅದನ್ನು ಒಪ್ಪಲೇ ಇಲ್ಲ. ಸೊನ್ನೆ ಅನ್ನೋದನ್ನು ನಾನೂ ನಂಬೋದಿಲ್ಲ. ಆದರೆ 99 ಸೆಂಟಿಗೆ ಒಂದೇ ಹಾಡು ಸಿಗೋಕೆ ಶುರುವಾದ ಮೇಲೆ ಹನ್ನೊಂದು ಬೇಡದ ಹಾಡಿನ ದುಡ್ಡೂ ಹೋಯಿತಲ್ಲ, ಅದನ್ನು ಕಳ್ಳತನದ ಲೆಕ್ಕಕ್ಕೆ ಬರೆಯೋ ಹಾಗಿಲ್ಲ.

ಹಂಚಿಕೆಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಸ್ವೀಡನ್‌ನಿಂದ ಬಂತು. ಬಿಟ್ಟಿ ಹಂಚಿಕೆಗೆ ಹೆಸರಾದ ಪೈರೇಟ್ ಬೇ ವೆಬ್‌ಸೈಟ್ ಹುಟ್ಟಿದ ದೇಶವೂ ಅದೇ. ಸ್ಪಾಟಿಫೈ 2008ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಡೇನಿಯಲ್ ಎಕ್ ಅದಕ್ಕೆ ಮುಂಚೆ ಸ್ವಲ್ಪ ಕಾಲ ಫೈಲು ಹಂಚಿಕೊಳ್ಳೋ ಪ್ರೋಗ್ರಾಮಿನ ಮ್ಯೂಟೊರೆಂಟ್ ಕಂಪನಿಯ ಮುಖ್ಯಸ್ಥ. ಜನ ಯಾಕೆ ಕದಿಯುತ್ತಾರೆ ಅಂತ ಒಳಗಿನಿಂದ ನೋಡಿದವನು. ಎಲ್ಲ ಹಾಡೂ ಒಂದೇ ಕಡೆ ಸಿಗಬೇಕು, ಒತ್ತಿದ ತಕ್ಷಣ ಶುರುವಾಗಬೇಕು, ಬಿಟ್ಟಿ ಬೇಕಾದವನಿಗೆ ಜಾಹೀರಾತಿನ ಜೊತೆ ಬಿಟ್ಟಿಯೇ ಸಿಗಬೇಕು. ಈ ಸಲ ಕಂಪನಿಗಳು ಕೇಸು ಹಾಕಲಿಲ್ಲ, ಪಾಲು ಕೇಳಿದವು. ಹಾಡು ಕೊಡುತ್ತೇವೆ, ನಿಮ್ಮ ಷೇರು ಕೊಡಿ ಅಂದವು. 2018ರಲ್ಲಿ ಸ್ಪಾಟಿಫೈ ಷೇರುಪೇಟೆಗೆ ಬಂದಾಗ ವಾರ್ನರ್ ತನ್ನ ಪಾಲನ್ನೆಲ್ಲ 50.4 ಕೋಟಿ ಡಾಲರಿಗೆ ಮಾರಿತು. ನ್ಯಾಪ್‌ಸ್ಟರ್ ಜೊತೆ ಹೀಗೇ ಕೂತು ಮಾತಾಡೋಕೆ ಆಗುತ್ತಿತ್ತಾ ಅಂದರೆ, ಆಗುತ್ತಿತ್ತು ಅಂತಲೇ ನನ್ನ ಅನಿಸಿಕೆ. ಆಗ ಹಾಡು ಮಾರುವವರ ಕೈಯಲ್ಲಿ ಇನ್ನೂ ಜಾಸ್ತಿ ಬಲ ಇತ್ತು.

ಇನ್ನು ಬೀಗ? ಅದು ಎಲ್ಲೂ ಹೋಗಿಲ್ಲ. ಸ್ಪಾಟಿಫೈಯಲ್ಲಿ ನೀವು ಫೋನಿಗೆ ಇಳಿಸಿಕೊಂಡ ಹಾಡನ್ನು ತೆಗೆದು ಇನ್ನೊಬ್ಬರಿಗೆ ಕಳಿಸೋಕೆ ನೋಡಿ, ಆಗೋದಿಲ್ಲ. 30 ದಿನದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ಟಿಗೆ ಬರದಿದ್ದರೆ ಆ ಹಾಡುಗಳು ನುಡಿಯೋದನ್ನು ನಿಲ್ಲಿಸುತ್ತವೆ. 2001ರಲ್ಲಿ ಮ್ಯೂಸಿಕ್‌ನೆಟ್ ನೋಡಿ ಜನ ನಕ್ಕಿದ್ದರಲ್ಲ, ತಿಂಗಳಿಗೆ ಸಾಯೋ ಹಾಡು ಅಂತ, ಹೆಚ್ಚು ಕಡಿಮೆ ಅದೇ ನಿಯಮ ಈಗ ನಿಮ್ಮ ಜೇಬಿನಲ್ಲಿದೆ. ಇಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು, ಕೈ ಎತ್ತಿ ನೋಡೋಣ.